ಆಸ್ಪತ್ರೆಯಲ್ಲಿ ಶುರುವಾದ ಇನ್ಸುಲಿನ್ ಮನೆಗೆ ಬಂದ ಮೇಲೂ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 66 ವರ್ಷ. ಸಣ್ಣ ಕಾಫಿ ತೋಟ ಇದೆ. 14 ವರ್ಷದಿಂದ ಶುಗರ್ ಇದ್ದು, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಯಲ್ಲೇ ನಡೆದಿತ್ತು. ಮೂರು ತಿಂಗಳ ಸರಾಸರಿ ಟೆಸ್ಟ್ ಈಚೆಗೆ 7.4 ಇತ್ತು. ಕಳೆದ ತಿಂಗಳು ನ್ಯುಮೋನಿಯಾ ಆಗಿ ಹಾಸನದಲ್ಲಿ ಅಡ್ಮಿಟ್ ಮಾಡಿದೆವು. ಆ ದಿನ ಶುಗರ್ 412. ಮಾತ್ರೆ ನಿಲ್ಲಿಸಿ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಕೊಟ್ಟರು. ಮೂರನೇ ದಿನ ಬಿ.ಪಿ. 84ಕ್ಕೆ ಇಳಿಯಿತು, ಸೋಡಿಯಂ 121, ರಾತ್ರಿ ಶುಗರ್ 62. ಐಸಿಯುಗೆ ಹಾಕಿದರು. ಅಲ್ಲಿ ಕೇಳಿದಾಗ ಗೊತ್ತಾಗಿದ್ದು: ಅಪ್ಪ ಮೂರು ವರ್ಷದಿಂದ ಮಂಡಿ ನೋವಿಗೆ ಸಂತೆಯಲ್ಲಿ ಸಿಗುವ ಪುಡಿ ತಿನ್ನುತ್ತಿದ್ದರಂತೆ. ಕಾರ್ಟಿಸಾಲ್ 2.1 ಬಂತು. ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆ ಬಿ.ಪಿ. ಸರಿಹೋಯಿತು, ಆದರೆ ಶುಗರ್ ಮತ್ತೆ 340. ಥೈರಾಯ್ಡ್ ರಿಪೋರ್ಟೂ ಸರಿ ಇಲ್ಲ ಅಂದರು (ಟಿಎಸ್‌ಎಚ್ 0.2, ಟಿ3 ಕಡಿಮೆ).

ಈಗ ಮನೆಗೆ ಬಂದು ಆರು ದಿನ. ರಾತ್ರಿ 16 ಯೂನಿಟ್ ಗ್ಲಾರ್ಜಿನ್ (ಇಡೀ ದಿನ ಕೆಲಸ ಮಾಡುವ ಇನ್ಸುಲಿನ್), ಮೂರು ಹೊತ್ತು ಊಟಕ್ಕೆ ಮುಂಚೆ 8 ಯೂನಿಟ್, ಜೊತೆಗೆ ಮೆಟ್‌ಫಾರ್ಮಿನ್. ಸ್ಟಿರಾಯ್ಡ್ ಮಾತ್ರೆ ಹೈಡ್ರೋಕಾರ್ಟಿಸೋನ್ ಮೊದಲ ನಾಲ್ಕು ದಿನ 40 ಮಿ.ಗ್ರಾಂ ಇತ್ತು, ಈಗ 20. ಇನ್ಸುಲಿನ್ ಬೇಗ ಬಿಡಿಸಬೇಕು ಅಂತ ಅಮ್ಮ ಹಳೆಯ ಗ್ಲಿಮೆಪಿರೈಡನ್ನೂ ಕೊಡುತ್ತಿದ್ದಾರೆ. ಚಿಕ್ಕಪ್ಪ 'ಸ್ಟಿರಾಯ್ಡ್ ವಿಷ, ಮೊದಲು ಅದನ್ನು ನಿಲ್ಲಿಸಿ' ಅನ್ನುತ್ತಾರೆ. ನಿನ್ನೆ ಬೆಳಗಿನ ಜಾವ ಅಪ್ಪ ಬೆವರಿ ಎದ್ದರು. ನೋಡಿದರೆ 64. ಇನ್ಸುಲಿನ್ ಇನ್ನು ಜೀವನಪೂರ್ತಿಯೇ? ಒಬ್ಬ ಡಾಕ್ಟರ್ ಶುಗರ್ ಏರಿಸುವ ಔಷಧಿ ಕೊಟ್ಟು, ಇನ್ನೊಬ್ಬರು ಇಳಿಸುವ ಔಷಧಿ ಕೊಡುವುದು ಯಾವ ಲೆಕ್ಕ? ಥೈರಾಯ್ಡ್ ಮಾತ್ರೆ ಶುರು ಮಾಡಬೇಕಾ? ಮಳೆಗಾಲದಲ್ಲಿ ನಮ್ಮಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಇನ್ಸುಲಿನ್ ಎಲ್ಲಿಡೋದು?

ಉತ್ತರ: ಆ 64 ಅನ್ನುವ ಅಂಕಿ ಓದಿದ ಕೂಡಲೇ ನಿಮಗೆ ಪ್ರತ್ಯೇಕವಾಗಿ ಉತ್ತರ ಕಳಿಸಿದ್ದೆ. ಇದೇ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗೂ ಬೇಕಾಗುತ್ತದೆ ಅಂತ ಅದನ್ನೇ ಇಲ್ಲಿ ಮೊದಲು ಹೇಳುತ್ತೇನೆ.

ಗ್ಲಿಮೆಪಿರೈಡ್ ಈಗಲೇ ನಿಲ್ಲಿಸಿ. ಡಿಸ್ಚಾರ್ಜ್ ಚೀಟಿಯಲ್ಲಿ ಅದು ಇಲ್ಲ ಅಂದರೆ ಬೇಕೆಂದೇ ಬಿಟ್ಟಿದ್ದಾರೆ. ಇನ್ಸುಲಿನ್ ಜೊತೆ ಅದೂ ಸೇರಿದರೆ ಶುಗರ್ ಕುಸಿಯುವುದಕ್ಕೆ ಎರಡು ದಾರಿ ಆಗುತ್ತದೆ. ಇವತ್ತು ರಾತ್ರಿಯ ಇನ್ಸುಲಿನ್ ಚುಚ್ಚುವ ಮೊದಲೇ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಫೋನ್ ಮಾಡಿ '64 ಬಂದಿತ್ತು, ಎಷ್ಟು ಕಡಿಮೆ ಮಾಡಲಿ' ಅಂತ ಕೇಳಿ. ನಾಳೆ ಒಪಿಡಿಯಲ್ಲಿ ಕೇಳೋಣ ಅಂತ ಬಿಡಬೇಡಿ. ಹೈಡ್ರೋಕಾರ್ಟಿಸೋನ್ ಮಾತ್ರ ಒಂದು ಹೊತ್ತೂ ತಪ್ಪಿಸಬಾರದು. ಶುಗರ್ 70ಕ್ಕಿಂತ ಕೆಳಗೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, 70 ದಾಟಿದ ಮೇಲೆ ಒಂದು ಅಕ್ಕಿ ರೊಟ್ಟಿಯೋ ಎರಡು ಇಡ್ಲಿಯೋ ತಿನ್ನಿಸಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಈಗ ನಿಧಾನವಾಗಿ ಮಾತಾಡೋಣ.

ನಿಮ್ಮ ಪತ್ರದಲ್ಲಿ ಶುಗರ್, ಬಿ.ಪಿ., ಸೋಡಿಯಂ, ಥೈರಾಯ್ಡ್ ಅಂತ ನಾಲ್ಕು ಕಾಯಿಲೆ ಕಾಣುತ್ತವೆ. ಅಪ್ಪನಿಗೆ ಒಮ್ಮೆಲೇ ಇಷ್ಟೆಲ್ಲ ಬಂತಲ್ಲ ಅನ್ನುವ ಸಂಕಟ ಅರ್ಥವಾಗುತ್ತದೆ. ನನ್ನ ಲೆಕ್ಕದಲ್ಲಿ ಹಳೆಯ ಶುಗರ್ ಮತ್ತು ನ್ಯುಮೋನಿಯಾ ಬಿಟ್ಟರೆ ಉಳಿದದ್ದೆಲ್ಲ ಒಂದೇ ಬೇರಿನಿಂದ ಬಂದದ್ದು. ಆ ಬೇರು ಸಂತೆಯ ಪುಡಿ.

ನೋವು ಎರಡೇ ದಿನಕ್ಕೆ ಮಾಯವಾಗುವ, ಹೆಸರು, ಲೇಬಲ್ ಏನೂ ಇಲ್ಲದ ಪುಡಿ ಅಥವಾ ಮಾತ್ರೆ ಅಂದರೆ ನಮಗೆ ಮೊದಲು ಬರುವ ಅನುಮಾನ ಸ್ಟಿರಾಯ್ಡ್. ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್ ಬೆರೆಸಿದ 'ನಾಟಿ' ಔಷಧಿ ನಮ್ಮ ದೇಶದಲ್ಲಿ ಹೊಸದೇನಲ್ಲ. ತಿಂದವರಿಗೆ ಹಸಿವು ಜಾಸ್ತಿಯಾಗುತ್ತದೆ, ಮುಖ ದುಂಡಗಾಗುತ್ತದೆ, ಮೈಗೆ ಚೈತನ್ಯ ಬಂದ ಹಾಗಿರುತ್ತದೆ. 'ಒಳ್ಳೆ ಔಷಧಿ ಕಣಯ್ಯ' ಅಂತ ಪಕ್ಕದ ತೋಟದವರಿಗೂ ಹೇಳುತ್ತಾರೆ. ಜೊತೆಗೆ ಚರ್ಮ ತೆಳುವಾಗಿ, ಎಲ್ಲಾದರೂ ಸ್ವಲ್ಪ ತಾಗಿದರೂ ನೀಲಿ ಕಲೆ ಕಟ್ಟುತ್ತದೆ. ಅಪ್ಪನ ಮುಂಗೈ ನೋಡಿ, ಇದ್ದರೂ ಇರಬಹುದು.

ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ಕಾರ್ಟಿಸಾಲ್ ಎಂಬ ಸ್ಟಿರಾಯ್ಡ್ ಹಾರ್ಮೋನ್ ತಯಾರಿಸುತ್ತದೆ. ಬಿ.ಪಿ. ಹಿಡಿದಿಡಲು, ಉಪವಾಸದಲ್ಲಿ ಶುಗರ್ ಕುಸಿಯದಂತೆ ನೋಡಿಕೊಳ್ಳಲು, ಸೋಂಕನ್ನು ತಾಳಿಕೊಳ್ಳಲು ಅದು ಬೇಕು. ಜ್ವರವೋ ಆಪರೇಷನ್ನೋ ಆದರೆ ಗ್ರಂಥಿ ತಾನೇ ಹಲವು ಪಟ್ಟು ಜಾಸ್ತಿ ಮಾಡಿಕೊಡುತ್ತದೆ. ಹೊರಗಿನಿಂದ ವರ್ಷಗಟ್ಟಲೆ ಸ್ಟಿರಾಯ್ಡ್ ಬರುತ್ತಿದ್ದರೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಅಡ್ರಿನಲ್‌ಗೆ ಕೆಲಸ ಹೇಳುವುದನ್ನೇ ನಿಲ್ಲಿಸುತ್ತದೆ. ಎಲ್ಲ ಕೆಲಸ ಆಳುಗಳೇ ಮಾಡಿಕೊಟ್ಟರೆ ಮನೆಯವರಿಗೆ ಕೈ ಮರೆತು ಹೋಗುತ್ತದಲ್ಲ, ಹಾಗೆ. ಅಡ್ರಿನಲ್ ಸೊರಗುತ್ತದೆ. ಪುಡಿ ತಿನ್ನುವಷ್ಟು ದಿನ ಯಾರಿಗೂ ಗೊತ್ತಾಗುವುದಿಲ್ಲ.

ಅಪ್ಪನ ಏಳುಬೀಳನ್ನು ಈಗ ಇದರ ಪಕ್ಕ ಇಟ್ಟು ನೋಡಿ. ಅಡ್ಮಿಟ್ ಆದ ದಿನ ಮೈಯಲ್ಲಿ ಪುಡಿಯ ಪ್ರಭಾವ ಇನ್ನೂ ಇತ್ತು, ಮೇಲೆ ನ್ಯುಮೋನಿಯಾ. ಶುಗರ್ 412. ಆಸ್ಪತ್ರೆಯಲ್ಲಿ ಪುಡಿ ಇಲ್ಲ, ಅಪ್ಪ ಹೇಳಲೂ ಇಲ್ಲ. ಮೂರನೇ ದಿನಕ್ಕೆ ಹೊರಗಿನ ಸ್ಟಿರಾಯ್ಡ್ ಖಾಲಿ, ಒಳಗಿನದು ತಯಾರಾಗುತ್ತಿಲ್ಲ. ಬಿ.ಪಿ. ಕುಸಿಯಿತು, ಸೋಡಿಯಂ ಇಳಿಯಿತು, ಶುಗರೂ ಬಿತ್ತು.

ವಾರ್ಡಿನಲ್ಲಿ ನಮ್ಮ ಕಿವಿ ನೆಟ್ಟಗಾಗುವುದು ಆ 62ಕ್ಕೆ. ಸೋಂಕು ಇರುವ ಶುಗರ್ ರೋಗಿಗೆ ದಿನೇದಿನೇ ಇನ್ಸುಲಿನ್ ಜಾಸ್ತಿ ಬೇಕಾಗುವುದು ಸಹಜ. ಜ್ವರ ಇನ್ನೂ ಇಳಿದಿಲ್ಲ, ಆದರೂ ಇನ್ಸುಲಿನ್ ಬೇಡಿಕೆ ತಟ್ಟನೆ ಕಡಿಮೆಯಾಯಿತು ಅಂದರೆ ಊಟ ಬಿಟ್ಟಿದ್ದಾರಾ, ಕಿಡ್ನಿ ಕೈಕೊಟ್ಟಿದೆಯಾ, ಕಾರ್ಟಿಸಾಲ್ ಇಲ್ಲವಾ ಅಂತ ನೋಡಲೇಬೇಕು. ಐಸಿಯುನಲ್ಲಿ ಮಂಡಿ ನೋವಿನ ಬಗ್ಗೆ ಕೇಳಿದ ವೈದ್ಯರು ಸುಮ್ನೆ ಕೇಳಿದ್ದಲ್ಲ.

ಕಾರ್ಟಿಸಾಲ್ ಟೆಸ್ಟ್ ಬಗ್ಗೆ ಒಂದು ಮಾತು. ಈ ಹಾರ್ಮೋನ್ ಬೆಳಿಗ್ಗೆ 8ರ ಹೊತ್ತಿಗೆ ಹೆಚ್ಚು, ರಾತ್ರಿ ಮಲಗುವ ಹೊತ್ತಿಗೆ ಬಹಳ ಕಡಿಮೆ. ಆರೋಗ್ಯವಾಗಿರುವವರ ರಕ್ತವನ್ನು ರಾತ್ರಿ ತೆಗೆದರೆ ಕಡಿಮೆ ಬರುವುದೇ ಸರಿ. ಬಿ.ಪಿ. ಕುಸಿದ ರೋಗಿಯಲ್ಲಿ ಮಾತ್ರ ಗಂಟೆ ಎಷ್ಟಾದರೂ ಅದು ಏರಿರಬೇಕು. ಅಂಥವರಲ್ಲಿ 2.1 ಅಂದರೆ ಚರ್ಚೆಗೆ ಜಾಗ ಇಲ್ಲ. ಮಧ್ಯದ ಅಂಕಿ ಬಂದಾಗ ಅಡ್ರಿನಲ್ ಅನ್ನು ಇಂಜೆಕ್ಷನ್ ಕೊಟ್ಟು ಎಚ್ಚರಿಸಿ ನೋಡುವ ಟೆಸ್ಟ್ ಬೇಕಾಗುತ್ತದೆ. ಇನ್ನೊಂದು ತೊಡಕೂ ಇದೆ. ಪುಡಿಯಲ್ಲಿ ಪ್ರೆಡ್ನಿಸೋಲೋನ್ ಇದ್ದರೆ ಅದನ್ನೇ ಕಾರ್ಟಿಸಾಲ್ ಅಂದುಕೊಂಡು ಲ್ಯಾಬ್ ಯಂತ್ರ ಸುಳ್ಳು ಹೆಚ್ಚಳ ತೋರಿಸಬಹುದು. ಹಾಗಾಗಿ ರಿಪೋರ್ಟಿಗಿಂತ ಮೊದಲು ರೋಗಿಯ ಬಾಯಿಂದ ಪುಡಿಯ ವಿಷಯ ಹೊರಬರಬೇಕು. ಮಂಡಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್, ವರ್ಷಗಟ್ಟಲೆ ಹಚ್ಚಿದ ಕಜ್ಜಿಯ ಮುಲಾಮು, ದಮ್ಮಿನ ಇನ್ಹೇಲರ್, ಇವನ್ನೂ ಹೇಳಬೇಕು. ಪ್ರಮಾಣ ಜಾಸ್ತಿಯಾದರೆ ಅವೂ ಇದೇ ಕೆಲಸ ಮಾಡುತ್ತವೆ. ಬೈಯ್ಯುತ್ತಾರೆ ಅಂತ ಅಪ್ಪ ಮುಚ್ಚಿಟ್ಟಿದ್ದರು ಅಲ್ವಾ? ಇಡೀ ದಿನ ಇಳಿಜಾರು ತೋಟ ಹತ್ತಿ ಇಳಿಯುವವರಿಗೆ ಮಂಡಿ ನೋವು ಏನು ಅಂತ ನಮಗೂ ಗೊತ್ತು. ಅವರನ್ನು ದೂರಬೇಡಿ. ಉಳಿದ ಪೊಟ್ಟಣ ಇದ್ದರೆ ಎಸೆಯದೆ ಮುಂದಿನ ಭೇಟಿಗೆ ತನ್ನಿ.

ಸೋಡಿಯಂ ಇಳಿದಾಗ ಮನೆಯವರು ಉಪ್ಪು ಹಾಕಿದ ಗಂಜಿ, ಎಳನೀರು ತಂದು ಕುಡಿಸುವುದನ್ನು ದಿನಾ ನೋಡುತ್ತೇವೆ. ಕಾರ್ಟಿಸಾಲ್ ಕೊರತೆಯಾದಾಗ ದೇಹ ನೀರನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ರಕ್ತದಲ್ಲಿ ಉಪ್ಪು ಕರಗಿ ತೆಳುವಾಗುತ್ತದೆ. ಹಾಗಾಗಿ ಉಪ್ಪು ತಿನ್ನಿಸಿ ಅದನ್ನು ಸರಿ ಮಾಡಲಾಗದು. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಸೋತವರಿಗೆ ಅದು ಅಪಾಯವೂ ಹೌದು. ಹೈಡ್ರೋಕಾರ್ಟಿಸೋನ್ ಕೊಟ್ಟ ಮೇಲೆ ಹಿಡಿದಿಟ್ಟ ನೀರು ಒಮ್ಮೆಲೇ ಹೊರಗೆ ಹೋಗಿ ಸೋಡಿಯಂ ವೇಗವಾಗಿ ಏರಬಹುದು. ಒಂದು ದಿನದಲ್ಲಿ 8–10 ಅಂಕಕ್ಕಿಂತ ಜಾಸ್ತಿ ಏರಿದರೆ ಮೆದುಳಿನ ನರಗಳಿಗೆ ಹಾನಿಯಾಗುವ ಭಯ ಇದೆ. ಐಸಿಯುನಲ್ಲಿ ಕೆಲವೇ ಗಂಟೆಗೊಮ್ಮೆ ರಕ್ತ ತೆಗೆದರು ಅಂತ ಬೇಜಾರಾಗಿದ್ದರೆ, ಕಾರಣ ಇದು.

ನಮ್ಮ ಕಡೆ ಕಾರ್ಟಿಸಾಲ್ ಕೊರತೆಗೆ ಇನ್ನೂ ಕೆಲವು ಕಾರಣಗಳಿವೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ ಆಗಿ, ಆಮೇಲೆ ಎದೆಹಾಲು ಬರದೆ, ಮುಟ್ಟೂ ನಿಂತು, ಹತ್ತಿಪ್ಪತ್ತು ವರ್ಷ ಸುಸ್ತಿನಲ್ಲೇ ದಿನ ದೂಡಿದ ಹೆಂಗಸರು ಕೊನೆಗೆ ಕಡಿಮೆ ಸೋಡಿಯಂ ಅಂತ ಆಸ್ಪತ್ರೆಗೆ ಬರುತ್ತಾರೆ. ಅವರಲ್ಲಿ ಪಿಟ್ಯುಟರಿಯೇ ಒಣಗಿರುತ್ತದೆ. ಕೊಳಕುಮಂಡಲ ಹಾವು ಕಚ್ಚಿ ಬದುಕಿದವರಲ್ಲೂ ಕೆಲವರಿಗೆ ಪಿಟ್ಯುಟರಿ ಹಾಳಾಗುತ್ತದೆ, ತಿಂಗಳೋ ವರ್ಷವೋ ಕಳೆದ ಮೇಲೆ ಗೊತ್ತಾಗುತ್ತದೆ. ಗದ್ದೆ, ತೋಟದಲ್ಲಿ ಕೆಲಸ ಮಾಡುವ ಜಿಲ್ಲೆ ನಮ್ಮದು, ಹಾವು ಕಚ್ಚಿದ ಹಳೆಯ ಕಥೆಯನ್ನೂ ವೈದ್ಯರಿಗೆ ಹೇಳಿ. ಕ್ಷಯ ಅಡ್ರಿನಲ್‌ಗೇ ಹತ್ತಿದರೆ ಮೈ, ಒಸಡು ಕಪ್ಪಾಗುತ್ತವೆ, ಪೊಟ್ಯಾಸಿಯಂ ಏರುತ್ತದೆ. ಅಪ್ಪನಲ್ಲಿ ಇದ್ಯಾವುದರ ಗುರುತೂ ನಿಮ್ಮ ಪತ್ರದಲ್ಲಿ ಇಲ್ಲ.

ಇನ್ನು ಇನ್ಸುಲಿನ್. 'ಒಮ್ಮೆ ಶುರು ಮಾಡಿದರೆ ಬಿಡಕ್ಕಾಗಲ್ಲ' ಅನ್ನುವ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಹಿಂದೆಲ್ಲ ಮಾತ್ರೆಗಳು ಪೂರ್ತಿ ಸೋತು, ಕಿಡ್ನಿಯೋ ಕಾಲೋ ಕೆಟ್ಟ ಮೇಲೆ ಇನ್ಸುಲಿನ್ ಕೊಡುತ್ತಿದ್ದರು. ಅಷ್ಟು ಹೊತ್ತಿಗೆ ಕಾಯಿಲೆ ಕೈಮೀರಿರುತ್ತಿತ್ತು. ಊರಿನವರು ಕಂಡದ್ದು ಸೂಜಿ ಮತ್ತು ಸಾವು, ಎರಡನ್ನೂ ಗಂಟು ಹಾಕಿದರು. ಇನ್ಸುಲಿನ್ ಕಿಡ್ನಿ ಕೆಡಿಸುವುದಿಲ್ಲ. ಟೈಪ್ 1 ಡಯಾಬಿಟಿಸ್ ಇರುವವರಿಗೆ ಅದು ಜೀವನಪೂರ್ತಿ ಬೇಕು, ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಅಪ್ಪನಂಥವರಿಗೆ ಹಾಗಲ್ಲ. ಬಸುರಿಯಲ್ಲಿ ಶುಗರ್ ಬಂದು ಇನ್ಸುಲಿನ್ ತೆಗೆದುಕೊಂಡ ಎಷ್ಟೋ ಹೆಣ್ಣುಮಕ್ಕಳು ಹೆರಿಗೆಯಾದ ದಿನವೇ ನಿಲ್ಲಿಸುವುದಿಲ್ಲವೇ?

ಆಸ್ಪತ್ರೆಯಲ್ಲಿ ಮಾತ್ರೆ ಬಿಟ್ಟು ಇನ್ಸುಲಿನ್ ಹಿಡಿಯುವುದು ಅದನ್ನು ಗಂಟೆಗಂಟೆಗೆ ಹೊಂದಿಸಬಹುದು ಅಂತ. ಗ್ಲಿಮೆಪಿರೈಡ್ ತಿಂದವರು ಊಟ ಬಿಟ್ಟರೂ ಅದರ ಕೆಲಸ ನಿಲ್ಲುವುದಿಲ್ಲ. ಉಸಿರಾಟ ಕೆಟ್ಟು ಆಮ್ಲಜನಕ ಕಡಿಮೆಯಾದಾಗ, ಕಿಡ್ನಿ ಸೋತಾಗ, ಬಣ್ಣದ ಔಷಧಿ ಹಾಕಿ ಸ್ಕ್ಯಾನ್ ಮಾಡುವಾಗ ಮೆಟ್‌ಫಾರ್ಮಿನ್ ನಿಲ್ಲಿಸುವುದು ಕ್ಷೇಮ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನಂತೂ ಆಪರೇಷನ್ ಇದ್ದರೆ ಮೂರು ದಿನ ಮುಂಚೆಯೇ ನಿಲ್ಲಿಸಬೇಕು. ಇಲ್ಲದಿದ್ದರೆ ಶುಗರ್ 180–200ರಲ್ಲಿ ಇದ್ದರೂ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿ ರೋಗಿ ವಾಂತಿ, ಏದುಸಿರಿನಿಂದ ಒದ್ದಾಡುತ್ತಾರೆ. 'ಶುಗರ್ ಚೆನ್ನಾಗಿದೆಯಲ್ಲ' ಅಂತ ಎಲ್ಲರೂ ಮೋಸ ಹೋಗುವುದು ಇಲ್ಲೇ. ಹೃದಯ, ಕಿಡ್ನಿಗೆ ಒಳ್ಳೆಯದು ಅಂತ ಈಗ ಈ ಮಾತ್ರೆ ತುಂಬಾ ಜನರಿಗೆ ಕೊಡುತ್ತೇವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹಾಸಿಗೆ ಪಕ್ಕದಲ್ಲಿ ಕೂತವರು ಪ್ರತಿ ಸಲ ಗ್ಲುಕೋಮೀಟರ್ ಇಣುಕಿ 'ಯಾಕೆ ಇನ್ನೂ 170 ಇದೆ' ಅನ್ನುತ್ತಾರೆ. ವಾರ್ಡಿನಲ್ಲಿ ಹೆಚ್ಚಿನ ರೋಗಿಗಳಿಗೆ 140ರಿಂದ 180 ಸಾಕು. 2009ರಲ್ಲಿ ಪ್ರಕಟವಾದ ನೈಸ್-ಶುಗರ್ ಎಂಬ ಅಧ್ಯಯನದಲ್ಲಿ ಐಸಿಯುನ ಆರು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಒಂದು ಗುಂಪಿನ ಶುಗರನ್ನು 81–108ರ ಒಳಗೆ ಬಿಗಿಯಾಗಿ ಇಡಲು ನೋಡಿದರು, ಇನ್ನೊಂದು ಗುಂಪಿಗೆ 180 ದಾಟದಿದ್ದರೆ ಸಾಕು ಅಂದುಕೊಂಡರು. 90 ದಿನದಲ್ಲಿ ಬಿಗಿ ಗುಂಪಿನಲ್ಲಿ ಶೇ. 27.5 ಮಂದಿ ಸತ್ತರು, ಸಡಿಲ ಗುಂಪಿನಲ್ಲಿ ಶೇ. 24.9. ಶುಗರ್ ಅಪಾಯಕಾರಿಯಾಗಿ ಕುಸಿದದ್ದು ಬಿಗಿ ಗುಂಪಿನಲ್ಲಿ ಶೇ. 6.8 ಮಂದಿಗೆ, ಇನ್ನೊಂದರಲ್ಲಿ ಶೇ. 0.5 ಮಂದಿಗೆ. ಆಮೇಲೆ ನಾವೆಲ್ಲ 100ರ ಹಠ ಬಿಟ್ಟೆವು.

ರೋಗಿಯ ಕಡೆಯವರು ಮಾಡಬಹುದಾದ ದೊಡ್ಡ ಸಹಾಯ ಊಟದ ಹೊತ್ತಿನದು. ಊಟದ ಇನ್ಸುಲಿನ್ ಚುಚ್ಚಿಯಾಯಿತು, ಅಷ್ಟರಲ್ಲಿ ಸ್ಕ್ಯಾನಿಗೆ ಕರೆದರು, ಊಟ ತಣ್ಣಗಾಯಿತು, ಆಮೇಲೆ ರೋಗಿಗೆ ಬೇಡ ಅನ್ನಿಸಿತು. ಶುಗರ್ ಕುಸಿಯಲು ಇಷ್ಟು ಸಾಕು. ಅರ್ಧ ಮುದ್ದೆ ಮಾತ್ರ ತಿಂದರು ಅಂತ ಸಿಸ್ಟರಿಗೆ ಹೇಳಿ, ಅವರು ಡೋಸ್ ಬಗ್ಗೆ ಕೇಳಿಕೊಳ್ಳುತ್ತಾರೆ. ನೋಡಲು ಬಂದ ನೆಂಟರು ತಂದ ಬನ್, ಮೂಸಂಬಿ ಜ್ಯೂಸ್ ಕದ್ದು ಕುಡಿಸಿದರೆ ಅದನ್ನೂ ಹೇಳಿ. ಇಲ್ಲದಿದ್ದರೆ ಏರಿದ ಶುಗರಿಗೆ ಇನ್ಸುಲಿನ್ ಜಾಸ್ತಿ ಮಾಡುತ್ತೇವೆ, ಮರುದಿನ ಜ್ಯೂಸ್ ಇರುವುದಿಲ್ಲ.

ಏರಿಸುವ ಔಷಧಿ, ಇಳಿಸುವ ಔಷಧಿ ಎರಡೂ ಯಾಕೆ ಅಂದಿರಿ. ಆ ಹೊತ್ತಿನಲ್ಲಿ ಹೈಡ್ರೋಕಾರ್ಟಿಸೋನ್ ಕೊಡದಿದ್ದರೆ ಅಪ್ಪ ಉಳಿಯುತ್ತಿರಲಿಲ್ಲ ಅಂದರೆ ಉತ್ಪ್ರೇಕ್ಷೆ ಅಲ್ಲ. ಅಡ್ರಿನಲ್ ಕೈಕೊಟ್ಟಾಗ ಮೊದಲು 100 ಮಿ.ಗ್ರಾಂ, ಆಮೇಲೆ ದಿನಕ್ಕೆ ಸುಮಾರು 200 ಮಿ.ಗ್ರಾಂ ಕೊಡುವುದು ಪದ್ಧತಿ. ಅಷ್ಟು ಪ್ರಮಾಣಕ್ಕೆ ಶುಗರ್ ಏರಿಯೇ ಏರುತ್ತದೆ. ಏರಿದ ಶುಗರನ್ನು ಇನ್ಸುಲಿನ್ನಿನಿಂದ ಹಿಡಿಯಬಹುದು, ಕುಸಿದ ಬಿ.ಪಿ.ಯನ್ನು ಸ್ಟಿರಾಯ್ಡ್ ಇಲ್ಲದೆ ಎತ್ತುವುದು ಕಷ್ಟ.

ಈಗ ದಿನಕ್ಕೆ 20 ಮಿ.ಗ್ರಾಂಗೆ ಬಂದಿದೆ. ಆರೋಗ್ಯವಂತ ದೇಹ ತಾನೇ ತಯಾರಿಸುವ ಕಾರ್ಟಿಸಾಲ್ ಹೆಚ್ಚುಕಡಿಮೆ ಇಷ್ಟೇ. ಪ್ರೆಡ್ನಿಸೋಲೋನ್ ಲೆಕ್ಕದಲ್ಲಿ 5 ಮಿ.ಗ್ರಾಂ. ಚಿಕ್ಕಪ್ಪನವರ ಭಯ ಪುಡಿಯ ಮಟ್ಟಿಗೆ ನಿಜ, ಈ ಮಾತ್ರೆಯ ಮಟ್ಟಿಗೆ ಅಲ್ಲ. ಅಡ್ರಿನಲ್ ಮತ್ತೆ ಏಳುವವರೆಗೆ ಇದು ಅಪ್ಪನ ಸ್ವಂತ ಹಾರ್ಮೋನಿನ ಬದಲಿ. ನಿಲ್ಲಿಸಿದರೆ ಮೂರನೇ ದಿನದ ಕಥೆ ಮನೆಯಲ್ಲೇ ನಡೆಯುತ್ತದೆ.

ಆದರೆ ಇನ್ಸುಲಿನ್ ಡೋಸ್ ಉಳಿದಿರುವುದು ಜಾಸ್ತಿ ಸ್ಟಿರಾಯ್ಡ್ ಇದ್ದ ದಿನಗಳದ್ದು. ಸ್ಟಿರಾಯ್ಡ್ ಅರ್ಧವಾಯಿತು, ಇನ್ಸುಲಿನ್ ಹಾಗೇ ಇದೆ. ಜೊತೆಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆದುಕೊಂಡ ಹೈಡ್ರೋಕಾರ್ಟಿಸೋನ್ ನಡುರಾತ್ರಿಗೆ ಮೈಯಿಂದ ಹೋಗಿರುತ್ತದೆ. ಬೆಳಗಿನ ಜಾವ ಶುಗರ್ ಹಿಡಿದಿಡಲು ಕಾರ್ಟಿಸಾಲ್ ಇಲ್ಲ, ಗ್ಲಾರ್ಜಿನ್ ಮಾತ್ರ ಇಡೀ ರಾತ್ರಿ ಕೆಲಸ ಮಾಡುತ್ತಿದೆ, ಅಮ್ಮನ ಗ್ಲಿಮೆಪಿರೈಡೂ ಅದಕ್ಕೆ ಕೈಜೋಡಿಸಿದೆ. 64 ಬಂದದ್ದು ಹೀಗೆ. ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ ಚೆನ್ನಾಗಿದ್ದು ಮಧ್ಯಾಹ್ನದ ಮೇಲೆ 250 ಆಗುವುದು ಮಾಮೂಲು. ಬೆಳಗಿನದನ್ನಷ್ಟೇ ನೋಡಿ ಡೋಸ್ ಹಾಕಿದರೆ ದಾರಿ ತಪ್ಪುತ್ತದೆ. ಊಟಕ್ಕೆ ಮುಂಚೆ ಮೂರು ಸಲ, ಮಲಗುವಾಗ ಒಂದು ಸಲ, ಕೆಲವು ದಿನ ಬೆಳಗಿನ ಜಾವ 3ಕ್ಕೆ ಒಂದು ಸಲ ನೋಡಿ ಬರೆದಿಡಿ.

ಮುಂದಿನ ದಾರಿ ಏನು? ರಾತ್ರಿಯ ಗ್ಲಾರ್ಜಿನ್ ಚೆನ್ನಾಗಿ ಇಳಿಸಿ ಅಥವಾ ನಿಲ್ಲಿಸಿ ಊಟದ ಇನ್ಸುಲಿನ್ ಮಾತ್ರ ಇಟ್ಟುಕೊಳ್ಳುವುದು ಒಂದು. ಹಗಲಿನ ಏರಿಕೆಗೆ ಅದು ಚೆನ್ನಾಗಿ ಹೊಂದುತ್ತದೆ, ಆದರೆ ಮೂರು ಸಲ ಚುಚ್ಚಬೇಕು, ಊಟ ತಪ್ಪಿದರೆ ಶುಗರ್ ಕುಸಿಯುತ್ತದೆ. ಬೆಳಿಗ್ಗೆ ಸ್ಟಿರಾಯ್ಡ್ ಜೊತೆಗೇ ಒಂದು ಸಲ ಅರ್ಧ ದಿನ ಕೆಲಸ ಮಾಡುವ ಎನ್‌ಪಿಎಚ್ ಇನ್ಸುಲಿನ್ ಕೊಡುವುದು ಇನ್ನೊಂದು. ಒಂದೇ ಸೂಜಿ, ಬೆಲೆಯೂ ಕಡಿಮೆ, ಆದರೆ ಮಧ್ಯಾಹ್ನದ ಊಟ ತಡವಾಗುವ ಹಾಗಿಲ್ಲ. ತೋಟದ ಕೆಲಸ ಇರುವವರಿಗೆ ಇದು ಕಷ್ಟ. ಮೂರನೆಯದು ಇನ್ಸುಲಿನ್ ಪೂರ್ತಿ ಬಿಟ್ಟು ಮೆಟ್‌ಫಾರ್ಮಿನ್ ಜೊತೆ ಲಿನಾಗ್ಲಿಪ್ಟಿನ್‌ನಂಥ ಮಾತ್ರೆ. ಶುಗರ್ ಕುಸಿಯುವ ಭಯ ತೀರಾ ಕಡಿಮೆ, ಶಕ್ತಿಯೂ ಕಡಿಮೆ, 250 ಇರುವವರಿಗೆ ಸಾಲದು. ನನ್ನ ರೋಗಿಯಾಗಿದ್ದರೆ ಮೊದಲ ದಾರಿಯಿಂದ ಶುರು ಮಾಡಿ, ಅಂಕಿ ಇಳಿದಂತೆ ಒಂದೊಂದೇ ಸೂಜಿ ಕಳೆದು, ಮೂರನೆಯದಕ್ಕೆ ಬರುತ್ತಿದ್ದೆ. ಡಾಪಾಗ್ಲಿಫ್ಲೋಜಿನ್ ಈಗ ಬೇಡವೇ ಬೇಡ. ಅದು ಉಪ್ಪು, ನೀರು ಹೊರಗೆ ಹಾಕಿ ಬಿ.ಪಿ. ಇಳಿಸುತ್ತದೆ.

ಮಾತ್ರೆಗೆ ಮರಳುವ ಆಸೆಗೆ ನಿಮ್ಮ ಪತ್ರದಲ್ಲೇ ಆಧಾರ ಇದೆ. ಹಿಂದಿನ 7.4 ಬಂದದ್ದು ಪುಡಿ ತಿನ್ನುತ್ತಿದ್ದಾಗ. ಮಂಡಿ ಪುಡಿ ಶುಗರ್ ಏರಿಸುತ್ತಿದ್ದರೂ ಬರೀ ಮಾತ್ರೆಯಲ್ಲಿ ಅಷ್ಟಕ್ಕೆ ನಿಂತಿತ್ತು. ಪುಡಿ ಹೋದ ಮೇಲೆ ಶುಗರ್ ಮೊದಲಿಗಿಂತ ಹಗುರವಾದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಮೂರು ತಿಂಗಳ ಬಳಿಕ ಆ ಟೆಸ್ಟ್ ಮತ್ತೆ ಮಾಡಿಸಿ. ರಕ್ತ ಕಡಿಮೆ ಇದ್ದರೆ ಅಥವಾ ಐಸಿಯುನಲ್ಲಿ ರಕ್ತ ಹಾಕಿದ್ದರೆ ಅದರ ಅಂಕಿ ನಂಬುವಂತಿಲ್ಲ, ಹೇಳಿಬಿಡಿ.

ಥೈರಾಯ್ಡ್ ಮಾತ್ರೆ ಈಗ ಶುರು ಮಾಡಬೇಡಿ. ತೀವ್ರ ಕಾಯಿಲೆಯಲ್ಲಿ ದೇಹ ತಾನೇ ಟಿ3 ಎಂಬ ಥೈರಾಯ್ಡ್ ಹಾರ್ಮೋನನ್ನು ಇಳಿಸಿಕೊಳ್ಳುತ್ತದೆ, ಥೈರಾಯ್ಡಿಗೆ ಕೆಲಸ ಹೇಳುವ ಪಿಟ್ಯುಟರಿ ಹಾರ್ಮೋನ್ ಟಿಎಸ್‌ಎಚ್ ಕೂಡ ಕಡಿಮೆಯಾಗಬಹುದು. ಜಾಸ್ತಿ ಸ್ಟಿರಾಯ್ಡ್ ಕೊಟ್ಟಾಗಲೂ ಟಿಎಸ್‌ಎಚ್ ಇಳಿಯುತ್ತದೆ. ಚೇತರಿಸಿಕೊಳ್ಳುವಾಗ ಅದೇ ಟಿಎಸ್‌ಎಚ್ ಕೆಲವು ವಾರ ಮಾಮೂಲಿಗಿಂತ ಮೇಲೂ ಹೋಗುತ್ತದೆ, ಆಗಲೂ ಹೆದರಬಾರದು. ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಜೊತೆ ಫ್ರೀ ಟಿ4 ಎಂಬ ಇನ್ನೊಂದು ಥೈರಾಯ್ಡ್ ಟೆಸ್ಟ್ ಮಾಡಿಸಿ. ಎರಡೂ ಕಡಿಮೆ ಬಂದರೆ ಪಿಟ್ಯುಟರಿ ಪರೀಕ್ಷೆ ಬೇಕು. ಕಾರ್ಟಿಸಾಲ್, ಥೈರಾಯ್ಡ್ ಎರಡೂ ಕೊರತೆ ಇದ್ದಾಗ ಮೊದಲು ಸ್ಟಿರಾಯ್ಡ್, ಆಮೇಲೆ ಥೈರಾಕ್ಸಿನ್ ಅಂದರೆ ಥೈರಾಯ್ಡ್ ಮಾತ್ರೆ. ಥೈರಾಕ್ಸಿನ್ ಮೊದಲು ಕೊಟ್ಟರೆ ಇರುವ ಅಲ್ಪಸ್ವಲ್ಪ ಕಾರ್ಟಿಸಾಲ್ ಬೇಗ ಖರ್ಚಾಗಿ ಬಿ.ಪಿ. ಮತ್ತೆ ಕುಸಿಯಬಹುದು.

ಹೈಡ್ರೋಕಾರ್ಟಿಸೋನ್ ಎಷ್ಟು ದಿನ ಅನ್ನುವುದನ್ನು ಗ್ರಂಥಿಯೇ ಹೇಳಬೇಕು. ಮೂರು ವರ್ಷ ಪುಡಿ ತಿಂದವರಿಗೆ ತಿಂಗಳುಗಳು, ಕೆಲವರಿಗೆ ವರ್ಷ ದಾಟುತ್ತದೆ. ಆಗಾಗ ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳುವ ಮೊದಲು ಕಾರ್ಟಿಸಾಲ್ ನೋಡಿ ನಿಧಾನಕ್ಕೆ ಇಳಿಸುತ್ತಾರೆ. ಅಲ್ಲಿಯವರೆಗೆ ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಡೋಸ್ ಎರಡು ಪಟ್ಟು ಮಾಡಿ, ವೈದ್ಯರಿಗೆ ತಿಳಿಸಿ. ಆ ದಿನಗಳಲ್ಲಿ ಶುಗರ್ ಸ್ವಲ್ಪ ಏರುತ್ತದೆ, ಏರಲಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ 100 ಮಿ.ಗ್ರಾಂ ಇಂಜೆಕ್ಷನ್ ಬೇಕು. ಸಕಲೇಶಪುರದಿಂದ ಹಾಸನ ಸುಮಾರು 40 ಕಿ.ಮೀ., ನಿಮ್ಮ ಹಳ್ಳಿ ಇನ್ನೂ ಒಳಗೆ, ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುವ ಊರು. ಆ ಇಂಜೆಕ್ಷನ್ ಒಂದು ಮನೆಯಲ್ಲಿ ಇಟ್ಟುಕೊಂಡು, ತೊಡೆಗೆ ಕೊಡುವುದನ್ನು ಕಲಿಯಿರಿ. 'ಸ್ಟಿರಾಯ್ಡ್ ಮೇಲಿದ್ದೇನೆ, ನಿಲ್ಲಿಸಬಾರದು' ಅಂತ ಬರೆದ ಚೀಟಿ ಅಪ್ಪನ ಜೇಬಿನಲ್ಲಿ ಇರಲಿ. ಹಲ್ಲು ಕೀಳಿಸಲು ಹೋದರೂ ಅದನ್ನು ತೋರಿಸಬೇಕು.

ಪುಡಿ ನಿಂತ ಮೇಲೆ ಮಂಡಿ ನೋವು ಜೋರಾಗುತ್ತದೆ, ಮತ್ತೆ ಸಂತೆಯ ಕಡೆ ಮನಸ್ಸು ಎಳೆಯುತ್ತದೆ. ಈಗಲೇ ಮೂಳೆ ವೈದ್ಯರಿಗೆ ತೋರಿಸಿ. ಪ್ಯಾರಸಿಟಮಾಲ್, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಇಳಿಜಾರಿನಲ್ಲಿ ಕೋಲು, ಇಷ್ಟರಿಂದಲೇ ಬಹಳ ಜನ ಸುಧಾರಿಸುತ್ತಾರೆ. ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಕಿಡ್ನಿಗೆ ಒಳ್ಳೆಯದಲ್ಲ. ಮಂಡಿಗೆ ಸ್ಟಿರಾಯ್ಡ್ ಚುಚ್ಚುತ್ತೇವೆ ಅಂದರೆ ಮೊದಲು ನಿಮ್ಮ ಹಾರ್ಮೋನ್ ವೈದ್ಯರನ್ನು ಕೇಳಿ.

ಕೊನೆಗೆ ಕರೆಂಟ್ ಪ್ರಶ್ನೆ. ಬಳಸುತ್ತಿರುವ ಇನ್ಸುಲಿನ್ ಪೆನ್ನು ಅಥವಾ ಬಾಟಲಿ ಸುಮಾರು ನಾಲ್ಕು ವಾರ ಫ್ರಿಜ್ ಹೊರಗೇ ಇರಬಹುದು. ಮಲೆನಾಡಿನ ಮಳೆಗಾಲದ ತಂಪಿನಲ್ಲಿ ಚಿಂತೆಯೇ ಇಲ್ಲ. ಒಲೆ, ಕಿಟಕಿಯ ಬಿಸಿಲಿನಿಂದ ದೂರ ಇಡಿ. ಬೇಸಿಗೆಯಲ್ಲಿ ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಬಹುದು. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದನ್ನು ಮಾತ್ರ ಬಳಸಬೇಡಿ. ಬಾಟಲಿಯಿಂದ ಎಳೆದು ಚುಚ್ಚುವುದಾದರೆ ಸಿರಿಂಜ್ ನೋಡಿಕೊಳ್ಳಿ: 40ರ ಬಾಟಲಿಗೆ (ಒಂದು ಮಿ.ಲೀ.ನಲ್ಲಿ 40 ಯೂನಿಟ್ ಇರುವುದು) ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ 8 ಯೂನಿಟ್ ಅಂದುಕೊಂಡದ್ದು 20 ಆಗುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗಲೇ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.